ಕೊನೆಯಲ್ಲಿ ಉಳಿಯುವ ಟು

ಭಾನುಪ್ರಕಾಶ್ ಮೇಷ್ಟ್ರು ತಾವು ಕೂತಿದ್ದ ಕುರ್ಚಿಯನ್ನೇ ಎತ್ತಿ ಮೇಜಿನ ಮೇಲಿಟ್ಟರು. ತೂಕಡಿಸುತ್ತಿದ್ದವರೆಲ್ಲ ಎದ್ದು ನೆಟ್ಟಗಾದರು. ತುಮಕೂರಿನ ಆ ತರಬೇತಿ ಹಾಲ್‌ನಲ್ಲಿ ಮಧ್ಯಾಹ್ನದ ಊಟ ಎಲ್ಲರ ಹೊಟ್ಟೆಯಲ್ಲೂ ಭಾರವಾಗಿ ಕೂತಿತ್ತು. ಫ್ಯಾನು ತಿರುಗುವುದಕ್ಕಿಂತ ಕಿರುಗುಟ್ಟುವುದೇ ಜಾಸ್ತಿಯಾಗಿತ್ತು.

"ಇದೇನು?"

"ಕುರ್ಚಿ ಸಾರ್."

"ಎಂಥಾ ಕುರ್ಚಿ?"

"ಗೌರ್ಮೆಂಟ್ ಕುರ್ಚಿ" ಎಂದರು ಹಿಂದಿನ ಸಾಲಿನಿಂದ ಯಾರೋ. ಇಡೀ ಹಾಲ್ ನಕ್ಕಿತು.

"ಆಯ್ತು, ಅದೂ ಹೌದು. ಆದ್ರೆ ಇದು ಕೂರೋ ಕುರ್ಚಿ. ಕೂರೋ ಕುರ್ಚಿ ಅನ್ನೋದನ್ನ ಇಂಗ್ಲಿಷಲ್ಲಿ ಹೇಳಿ ನೋಡೋಣ."

"ಎ ಚೇರ್ ಟು ಸಿಟ್" ಎಂದು ಅರ್ಧ ಹಾಲ್ ಒಟ್ಟಿಗೆ ಕೂಗಿತು.

"ಬಿದ್ರಿ. ಅಷ್ಟೂ ಜನ ನೆಲಕ್ಕೆ ಬಿದ್ರಿ" ಎಂದರು ಭಾನುಪ್ರಕಾಶ್. "ಎ ಚೇರ್ ಟು ಸಿಟ್ ಆನ್. ಕೊನೆಗೆ ಆನ್ ಇಲ್ದೆ ಕೂರಕ್ಕಾಗಲ್ಲ."

ಮುಂದಿನ ಜೂನಿನಿಂದ ಇವರ ಸ್ಕೂಲುಗಳಲ್ಲೆಲ್ಲ ಒಂದನೇ ಕ್ಲಾಸಿಗೇ ಇಂಗ್ಲಿಷ್ ವಿಭಾಗ ಶುರುವಾಗುವುದಿತ್ತು. ಇಷ್ಟು ವರ್ಷ ಅ ಆ ಇ ಈ ತಿದ್ದಿಸಿದವರೇ ಇನ್ನು ಮೇಲೆ ಅದನ್ನೂ ಕಲಿಸಬೇಕು. ಅದಕ್ಕಾಗಿ ಈ ತರಬೇತಿ. ಗುಬ್ಬಿ, ಕುಣಿಗಲ್, ಎಲ್ಲ ಕಡೆಯಿಂದ ಮೇಷ್ಟ್ರು, ಮೇಡಮ್ಮುಗಳು ಊಟದ ಡಬ್ಬಿ ಕಟ್ಟಿಕೊಂಡು ಬರುತ್ತಿದ್ದರು.

"ಕನ್ನಡದಲ್ಲಿ ಕೆಲಸ ಮೊದಲು, ವಸ್ತು ಆಮೇಲೆ" ಎಂದು ಭಾನುಪ್ರಕಾಶ್ ಬೋರ್ಡಿನ ಕಡೆ ತಿರುಗಿದರು. "ಕುಡಿಯೋ ನೀರು. ಓದೋ ಪುಸ್ತಕ. ಇಂಗ್ಲಿಷಲ್ಲಿ ವಸ್ತು ಮುಂದೆ ಬಂದ್ಬಿಡುತ್ತೆ. ವಾಟರ್ ಟು ಡ್ರಿಂಕ್. ಎ ಬುಕ್ ಟು ರೀಡ್. ಇಲ್ಲೀತನಕ ತಕರಾರಿಲ್ಲ. ಆದ್ರೆ ಸಿಟ್ ಆನ್ ಎ ಚೇರ್ ಅಂತೀವಲ್ಲ, ಅದರಲ್ಲಿ ಕುರ್ಚಿ ಎದ್ದು ಮುಂದಕ್ಕೆ ಹೋಯ್ತು ಅಂತಿಟ್ಕೊಳ್ಳಿ. ಆನ್ ಅದರ ಹಿಂದೆ ಹೋಗಲ್ಲ. ತಾನಿದ್ದ ಜಾಗದಲ್ಲೇ ಒಂಟಿಯಾಗಿ ಉಳ್ಕೊಳ್ಳುತ್ತೆ. ಕನ್ನಡದಲ್ಲಿ ಹಿಂಗೆ ಹಿಂದೆ ಉಳಿಯೋರು ಯಾರೂ ಇಲ್ಲ, ಅದಕ್ಕೇ ನಾವು ಮರೀತೀವಿ."

"ಪಾಪ" ಎಂದು ಪಿಸುಗುಟ್ಟಿದಳು ಮೋನಿಕಾ. ಕುಣಿಗಲ್ ಕಡೆಯ ಹುಡುಗಿ, ಕೆಲಸಕ್ಕೆ ಸೇರಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಮೊದಲ ದಿನವೇ ಉಮಾಮಹೇಶ್ವರಿಯ ಪಕ್ಕ ಬಂದು ಕೂತವಳು ಮತ್ತೆ ಜಾಗ ಬದಲಾಯಿಸಿರಲಿಲ್ಲ.

ಒಬ್ಬೊಬ್ಬರಾಗಿ ಬಂದು ತಮ್ಮದೇ ಒಂದೊಂದು ವಾಕ್ಯ ಬರೆಯಬೇಕು ಎಂದರು ಮೇಷ್ಟ್ರು. ಒಬ್ಬರು ಕಟ್ಟೋ ಮನೆ ಬರೆದರು. ಇನ್ನೊಬ್ಬರು ಮದುವೆ ಮಾಡೋ ಮಗಳು ಬರೆದು ಪಜೀತಿಗೆ ಸಿಕ್ಕರು. ಇಂಗ್ಲಿಷಿನಲ್ಲಿ ಅದು ಅವರೇ ಮಗಳನ್ನು ಮದುವೆಯಾಗುವ ಹಾಗೆ ಬಂದಿತ್ತು. ಕಡಬದ ಉಮಾಮಹೇಶ್ವರಿಯ ಸರದಿ ಬಂತು. ಅವಳು ಸೆರಗು ಸರಿಮಾಡಿಕೊಂಡು ಎದ್ದು ಹೋಗಿ, ತಾನು ಪದೇ ಪದೇ ಹೇಳುತ್ತಿದ್ದ ಮಾತನ್ನೇ ದುಂಡಗೆ ಬರೆದಳು. ದೇರ್ ಈಸ್ ನೋ ಒನ್ ಇನ್ ಮೈ ಹೌಸ್ ಟು ಟಾಕ್. ನಮ್ಮನೇಲಿ ಮಾತಾಡೋರು ಯಾರೂ ಇಲ್ಲ.

ಭಾನುಪ್ರಕಾಶ್ ನಗಲಿಲ್ಲ. ಒಂದು ಕ್ಷಣ ಬೋರ್ಡನ್ನೇ ನೋಡಿದರು.

"ಮೇಡಂ, ಹಿಂಗೇ ಬಿಟ್ರೆ ಮನೇಲಿ ಮಾತಾಡುವಂಥ ಒಂದು ಜೀವ ಇಲ್ಲ, ಇರೋರೆಲ್ಲ ಮೂಕರು ಅಂತಾಗುತ್ತೆ. ಕೊನೆಗೊಂದು ಟು ಹಾಕಿದ್ರೆ, ನೀವು ಮಾತಾಡಿಸೋಕೆ ಯಾರೂ ಇಲ್ಲ ಅಂತ. ಕನ್ನಡದಲ್ಲಿ ಎರಡೂ ಒಂದೇ ಥರ ಕೇಳುತ್ತೆ. ನಿಮ್ಮದು ಯಾವುದು?"

ಉಮಾಮಹೇಶ್ವರಿ ಸೀಮೆಸುಣ್ಣ ಹಿಡಿದುಕೊಂಡೇ ನಿಂತಳು. ಮನೆಯಲ್ಲಿ ಅಣ್ಣನಿದ್ದ. ಅವನು ಮೂಕನಲ್ಲ. ಡೈರಿಯವನ ಜೊತೆ ಗಟ್ಟಿಯಾಗಿ ಮಾತಾಡುತ್ತಿದ್ದ, ಕಾಯಿ ಕೆಡವುವವನ ಜೊತೆ ಜಗಳ ಕಾಯುತ್ತಿದ್ದ. ಹಾಗಾದರೆ ಮೊದಲನೆಯದು ಸುಳ್ಳು. ಎರಡನೆಯದು ನಿಜ ಅನ್ನಬೇಕಾದರೆ ಅಣ್ಣ ಅಲ್ಲಿಲ್ಲ ಅನ್ನಬೇಕು. ಅವನು ಅಲ್ಲೇ ಇದ್ದನಲ್ಲ, ಅಡುಗೆಮನೆಯ ಬಾಗಿಲಿನಿಂದ ಕೈಯಳತೆಯ ದೂರದ ಜಗಲಿಯಲ್ಲಿ.

"ಯೋಚ್ನೆ ಮಾಡಿ ಹೇಳ್ತೀನಿ ಸಾರ್" ಎಂದಳು.

"ಅದಕ್ಕೂ ಯೋಚ್ನೆನಾ ಮೇಡಂ?" ಎಂದಿತು ಹಿಂದಿನ ಸಾಲು. ಮೇಷ್ಟ್ರು ವಾಕ್ಯವನ್ನು ಅಳಿಸದೆ ಹಾಗೇ ಬಿಟ್ಟು ಮುಂದಿನವರನ್ನು ಕರೆದರು.

ಸಂಜೆ ಬಸ್‌ಸ್ಟ್ಯಾಂಡಿನವರೆಗೂ ಮೋನಿಕಾ ಜೊತೆಗೆ ಬಂದಳು. ಅವಳ ಅತ್ತೆಮನೆ ಊರಂಚಿನ ಮರಳೂರಿನಲ್ಲಿ, ತರಬೇತಿ ಮುಗಿಯುವ ತನಕ ಅಲ್ಲೇ ಇದ್ದಳು. ಸ್ಕೂಲಿರುವುದು ಮಾರ್ಕೋನಹಳ್ಳಿಯ ಹತ್ತಿರ, ಅಲ್ಲೊಂದು ಬಾಡಿಗೆ ಮನೆ ಮಾಡಿಕೊಂಡಿದ್ದಳು.

"ನಮ್ ಸ್ಕೂಲಲ್ಲಿ ಪೋಸ್ಟ್ ಖಾಲಿ ಇದೆ ಮಿಸ್. ಸೋಮವಾರ ಟ್ರಾನ್ಸ್‌ಫರ್ ಕೌನ್ಸೆಲಿಂಗಲ್ಲಿ ತಗೊಂಬಿಡಿ. ನನ್ ಮನೇಲೇ ಇನ್ನೊಂದ್ ರೂಮಿದೆ. ಬೆಳಿಗ್ಗೆ ಬಾಗಿಲು ತೆಗೆದ್ರೆ ಡ್ಯಾಮಿನ ನೀರು. ಮಾತಾಡೋಕೆ ನಾನಿದೀನಿ, ಬಿಡಿ ಅಂದ್ರೂ ಬಿಡಲ್ಲ. ನಮ್ಮತ್ತೆನ ಕೇಳಿ ಬೇಕಾದ್ರೆ."

"ನೋಡಣ."

"ಏನ್ ನೋಡೋದು? ಆ ಮನೇಲಿ ಯಾರಿದಾರೆ ನಿಮ್ಗೆ? ನೀವೇ ಬರೆದ್ರಲ್ಲ ಬೋರ್ಡ್ ಮೇಲೆ."

ಗುಬ್ಬಿಯಲ್ಲಿ ಇಳಿದು ಕಡಬದ ಬಸ್ಸು ಹತ್ತುವ ಹೊತ್ತಿಗೆ ಬಿಸಿಲು ತೋಟಗಳ ತಲೆಯ ಮೇಲಷ್ಟೇ ಉಳಿದಿರುತ್ತಿತ್ತು. ಕೆರೆ ಏರಿ ಕಂಡ ಕೂಡಲೆ ಉಮಾಮಹೇಶ್ವರಿ ದಿನವೂ ಪಕ್ಕದವರ ಜೊತೆಗಿನ ಹರಟೆ ನಿಲ್ಲಿಸಿಬಿಡುತ್ತಿದ್ದಳು. ಬೆಳಗಿನಿಂದ ಆಡಿದ ಮಾತನ್ನೆಲ್ಲ ಅಲ್ಲೇ ಇಳಿಸಿ ಮನೆಗೆ ಹೋಗಬೇಕು ಎಂಬಂತೆ.

ಅಣ್ಣ ಚನ್ನಬಸವಯ್ಯ ಅವಳ ಜೊತೆ ಮಾತು ಬಿಟ್ಟಿದ್ದ. ಅವಳಿಗೆ ಕೆಲಸ ಸಿಕ್ಕಿದ ಹೊಸದರಲ್ಲಿ ಕುಣಿಗಲಿನ ಒಂದು ಮನೆತನಕ್ಕೆ ಅವಳನ್ನು ಕೊಡುತ್ತೇನೆಂದು ಅವನು ಮಾತು ಕೊಟ್ಟು ಬಂದ. ಕೆಲಸ ಬಿಡಿಸುತ್ತಾರೆ ಎಂಬುದು ಅವಳಿಗೆ ಒಪ್ಪಿಗೆ ಶಾಸ್ತ್ರದ ದಿನ, ಹೂವು ಮುಡಿದ ಮೇಲೆ ಗೊತ್ತಾಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು, ಬಂದವರಿಗೆಲ್ಲ ಕೇಳುವ ಹಾಗೆ, "ನಂಗೆ ಇಷ್ಟ ಇಲ್ಲ" ಎಂದಳು. ಅವರು ಎಲೆಯಡಿಕೆ ಮುಟ್ಟದೆ ಎದ್ದು ಹೋದರು. "ನನ್ ಮಾತಿಗೇ ಬೆಲೆ ಇಲ್ದ ಮ್ಯಾಲೆ ಮಾತೇ ಬ್ಯಾಡ ಬುಡು" ಎಂದ ಚನ್ನಬಸವಯ್ಯ. ಅದು ಅವನು ಅವಳಿಗೆ ಹೇಳಿದ ಕೊನೆಯ ಮಾತು. ಅವಳೂ ಮೊದಲು ಅವನೇ ಮಾತಾಡಲಿ ಎಂದು ಕೂತಳು. ಒಂದು ವಾರ ಕಾಯಲು ಹೊರಟದ್ದು ತಲೆಗೂದಲು ಬಿಳಿಯಾಗುವ ತನಕ ಬಂದಿತ್ತು.

ಅತ್ತಿಗೆ ಕರಿಬಸಮ್ಮ ಇರುವ ತನಕ ಮನೆ ನಡೆಯಿತು. ಮಕ್ಕಳಿಲ್ಲದ ಅವಳಿಗೆ ಇಬ್ಬರೂ ಮಕ್ಕಳೇ. "ಅಣ್ಣಂಗೆ ಹೇಳಿ ಅತ್ತಿಗೆ, ನಾಳೆ ನಂಗೆ ಮೀಟಿಂಗು" ಎಂದು ಇವಳು ಹೇಳಿದರೆ, ಎರಡು ಮಾರು ಆಚೆ ಕೂತ ಗಂಡನ ಕಡೆ ತಿರುಗಿ, "ಕೇಳುಸ್ತಾ? ನಾಳೆ ಅವಳಿಗೆ ಮೀಟಿಂಗಂತೆ" ಎನ್ನುತ್ತಿದ್ದಳು. "ಆಗ್ಲಿ ಅನ್ನು" ಎನ್ನುತ್ತಿದ್ದ ಅವನು. "ಆಗ್ಲಿ ಅಂತೆ ಕಣೇ. ನನ್ ಬಾಯೇನ್ ಪೋಸ್ಟಾಫೀಸಾ? ಒಂದ್ ದಿನ ರಜಾ ಹಾಕ್ತೀನಿ, ಆಗ ಗೊತ್ತಾಯ್ತದೆ ಇಬ್ರಿಗೂ."

ಹೋದ ಕಾರ್ತಿಕದಲ್ಲಿ ಕರಿಬಸಮ್ಮ ಜ್ವರವೆಂದು ಮಲಗಿದವಳು ಏಳಲಿಲ್ಲ. ತಿಥಿ ಮುಗಿದು ನೆಂಟರೆಲ್ಲ ಹೋದ ಮೇಲೆ ಮನೆಯೊಳಗೆ ಇಬ್ಬರೇ ಉಳಿದರು. ಕೆಲವು ದಿನ ಸದ್ದಿನಲ್ಲೇ ನಡೆಯಿತು. ಅವಳು ಲೋಟ ಕುಟ್ಟಿದರೆ ಊಟಕ್ಕೆ, ಅವನು ಕೆಮ್ಮಿದರೆ ಕಾಫಿಗೆ. ಆಮೇಲೆ ಒಂದು ಸಂಜೆ, ಅವಳು ಹಾಲು ಕರೆಯುತ್ತಿರುವಾಗ, ಚನ್ನಬಸವಯ್ಯ ಕೊಟ್ಟಿಗೆಯ ಕಂಬಕ್ಕೆ ಒರಗಿ ಎಮ್ಮೆಯ ಮುಖ ನೋಡಿಕೊಂಡು ಹೇಳಿದ.

"ಏನ್ಲೇ ಬೆಳ್ಳಿ, ನಾಳಿಕ್ಕೆ ಕಾಯಿ ಕೆಡವೋರು ಬತ್ತಾರೆ. ಮಧ್ಯಾಹ್ನಕ್ಕೆ ಅನ್ನ ವಸಿ ಜಾಸ್ತಿ ಬೇಕು."

ಬೆಳ್ಳಿ ಎಂದು ಹೆಸರಿಟ್ಟ ಆ ಕಪ್ಪು ಎಮ್ಮೆ ಕಿವಿ ಆಡಿಸಿತು. ಉಮಾಮಹೇಶ್ವರಿ ಕೆಚ್ಚಲಿನ ಕಡೆಯೇ ತಲೆ ಬಗ್ಗಿಸಿಕೊಂಡು, "ಬೆಳ್ಳಿ, ಅನ್ನ ಮಾಡಿಟ್ಟು ಹೋಗ್ತೀನಿ. ಸಾರು ಬಿಸಿ ಮಾಡ್ಕೋಬೇಕು ಅಷ್ಟೆ" ಎಂದಳು.

ಅಂದಿನಿಂದ ಹೇಳುವುದೆಲ್ಲ ಬೆಳ್ಳಿಗೆ. ಬೇಲಿಯಾಚೆಯ ಪುಟ್ಟರಂಗಯ್ಯ ಇದನ್ನು ಕೇಳಿಸಿಕೊಂಡು ಊರಿಗೆಲ್ಲ ಹಂಚಿದ್ದ. "ಬಸವಣ್ಣನ ಕಿವೀಲಿ ಹೇಳೋರ್ನ ನೋಡಿದೀನಿ. ಎಮ್ಮೆ ಕಿವಿ ತೂತು ಬೀಳಂಗೆ ಹೇಳೋರ್ನ ಇಲ್ಲೇ ನೋಡಿದ್ದು."

ಬೋರ್ಡಿನ ಮೇಲೆ ಆ ವಾಕ್ಯ ಬರೆದ ದಿನ ಸಂಜೆ ಅವಳು ಬಟ್ಟೆಯನ್ನೂ ಬದಲಾಯಿಸದೆ ತಂಬಿಗೆ ಹಿಡಿದು ಕೊಟ್ಟಿಗೆಗೆ ಹೋದಳು. ಅಣ್ಣ ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದ. ಅವಳು ಎಂದಿಗಿಂತ ನಿಧಾನವಾಗಿ, ಎಂದಿಗಿಂತ ಸ್ವಲ್ಪ ಗಟ್ಟಿಯಾಗಿ ಹೇಳಿದಳು.

"ಬೆಳ್ಳಿ, ಕುಣಿಗಲ್ ತಾಲ್ಲೂಕಲ್ಲಿ, ಮಾರ್ಕೋನಹಳ್ಳಿ ಹತ್ರ ಒಂದು ಸ್ಕೂಲು ಖಾಲಿ ಇದ್ಯಂತೆ. ಸೋಮವಾರ ಕೌನ್ಸೆಲಿಂಗು. ತಗೊಂಡ್ರೆ ಅಲ್ಲೇ ಇರಬೇಕಾಯ್ತದೆ. ತಗೊಳ್ಳೋದೋ ಬೇಡ್ವೋ ಗೊತ್ತಾಯ್ತಿಲ್ಲ. ಬೇಡ ಅನ್ನೋರಿದ್ರೆ ಬೇಡ ಅನ್ನಬೋದು."

ಕಾಯಿ ಸುಲಿಯುವ ಸದ್ದು ನಿಂತಿತು. ಅವಳ ಕೈಯೂ ಕೆಚ್ಚಲಿನ ಮೇಲೆ ನಿಂತಿತು. ಬೆಳ್ಳಿ ಏನಾಯಿತೆಂದು ಹಿಂದಕ್ಕೆ ತಿರುಗಿ ನೋಡಿತು. ಸ್ವಲ್ಪ ಹೊತ್ತಾದ ಮೇಲೆ ಕಾಯಿಯ ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

ಮರುದಿನ ಬೆಳಿಗ್ಗೆ ಅವನು ಬೆಳ್ಳಿಗೆ ಏನೂ ಹೇಳಲಿಲ್ಲ. ಸಂಜೆಯೂ ಹೇಳಲಿಲ್ಲ. ಮಾಮೂಲಿಯಾಗಿ ಒಂದು ಮಾತಿಗೆ ಮುಂದಿನ ಹಾಲು ಕರೆಯುವ ಹೊತ್ತಿಗೆ ಉತ್ತರ ಬಂದುಬಿಡುತ್ತಿತ್ತು. ಈ ಸಲ ಹುಲ್ಲು ತಂದು ಹಾಕಿ, ಎಮ್ಮೆಯ ಬೆನ್ನ ಮೇಲೊಮ್ಮೆ ಕೈಯಾಡಿಸಿ, ಹೊರಗೆ ಹೋಗುತ್ತಿದ್ದ. ಅವಳು ಬೇಕೆಂದೇ ಹಾಲು ಕರೆಯುವುದನ್ನು ನಿಧಾನ ಮಾಡಿದಳು. ಲಿಂಗಪೂಜೆಗೆ ಕೂತವನು ಎಂದಿಗಿಂತ ಹೆಚ್ಚು ಹೊತ್ತು ಕೂತಿದ್ದ. ಹಣೆಯ ವಿಭೂತಿ ಒಣಗಿ ಉದುರುವ ತನಕ ಅವನ ಮುಖವನ್ನೇ ಬಾಗಿಲ ಸಂದಿಯಿಂದ ನೋಡಿದಳು. ಹೋಗು ಅಂದರೂ ಸರಿ, ಇರು ಅಂದರೂ ಸರಿ, ಏನಾದರೂ ಒಂದು ಅಂದರೆ ಸಾಕಾಗಿತ್ತು. ಏನೂ ಅನ್ನಿಸಿಕೊಳ್ಳದೆ ಹೊರಟರೆ ಈ ಮನೆಯಿಂದ ತಾನು ಹೋದದ್ದಕ್ಕೂ, ಇಷ್ಟು ದಿನ ಇದ್ದದ್ದಕ್ಕೂ ವ್ಯತ್ಯಾಸವೇ ಇರುವುದಿಲ್ಲ ಅನ್ನಿಸಿತು.

ಶನಿವಾರ ತರಬೇತಿಯ ಕೊನೆಯ ದಿನ. ಫೋಟೊ ತೆಗೆಸಿಕೊಂಡು, ಬಾದುಶಾ ತಿಂದು ಎಲ್ಲರೂ ಹೊರಡುವಾಗ ಭಾನುಪ್ರಕಾಶ್ ಅವಳನ್ನು ಕರೆದರು.

"ಮೇಡಂ, ನಿಮ್ಮ ವಾಕ್ಯ ಬಾಕಿ ಉಳೀತು. ಟು ಬೇಕೋ ಬೇಡ್ವೋ?"

"ಹಾಕ್ಬಿಡಿ ಸಾರ್."

"ಗ್ಯಾರಂಟಿನಾ?"

"ವ್ಯಾಕರಣಕ್ಕೆ ಅದೇ ಸರಿ ತಾನೆ?"

"ವ್ಯಾಕರಣಕ್ಕೆ ಎರಡೂ ಸರೀನೇ. ಯಾವುದು ನಿಜ ಅಂತ ಮನೇಲಿರೋರು ಹೇಳಬೇಕು" ಎಂದು ನಕ್ಕು ಅವರು ತಮ್ಮ ಬೈಕಿನ ಕಡೆ ನಡೆದರು.

ಅವತ್ತು ಬೇಗನೆ ಮನೆ ತಲುಪಿದಳು. ಅಂಗಳದಲ್ಲಿ ಯಾರೂ ಇರಲಿಲ್ಲ. ಕೊಟ್ಟಿಗೆಯಲ್ಲಿ ಗೂಟ ಇತ್ತು, ಗೂಟಕ್ಕೆ ಸವೆದ ಹಗ್ಗದ ತುಂಡು ಇತ್ತು, ಬೆಳ್ಳಿ ಇರಲಿಲ್ಲ. ಮೇಯಲು ಬಿಟ್ಟಿರಬೇಕೆಂದು ತೋಟದ ಕಡೆ ನೋಡಿದಳು. ಬೇಲಿಯಾಚೆಯಿಂದ ಪುಟ್ಟರಂಗಯ್ಯನ ತಲೆ ಮೇಲೆದ್ದಿತು.

"ಹುಡುಕ್‌ಬ್ಯಾಡವ್ವ. ನಿಮ್ಮಣ್ಣ ಎಮ್ಮೆ ಮಾರ್‌ಬುಟ್ಟ. ಸಂತೆಗೆ ಹೊಡ್ಕೊಂಡೋದ ಬೆಳಿಗ್ಗೆನೇ."

"ನಂಗೊಂದ್ ಮಾತು ಹೇಳ್ಲಿಲ್ಲ."

"ಹೆಂಗ್ ಹೇಳಾನು? ಎಮ್ಮೆ ಮಾರಿದ್ನ ಹೇಳಕ್ಕೆ ಎಮ್ಮೆನೇ ಇಲ್ವಲ್ಲ" ಎಂದು ಪುಟ್ಟರಂಗಯ್ಯ ಗಹಗಹಿಸಿದ. ಅವಳು ನಗದಿದ್ದುದನ್ನು ನೋಡಿ ಬೀಡಿ ಹುಡುಕುವವನಂತೆ ಜೇಬು ತಡಕಿಕೊಂಡು ಒಳಗೆ ಹೋದ.

ಇದೇ ಉತ್ತರವೇನೋ ಅಂದುಕೊಂಡಳು ಉಮಾಮಹೇಶ್ವರಿ. ಹೋಗು ಎಂದು ಬಾಯಲ್ಲಿ ಹೇಳುವ ಬದಲು ಗೂಟ ಖಾಲಿ ಮಾಡಿ ತೋರಿಸಿದ್ದಾನೆ. ಅಟ್ಟದ ಮೇಲಿದ್ದ ಸೂಟ್‌ಕೇಸ್ ಇಳಿಸಿ ಧೂಳು ಕೊಡವಿದಳು. ಸೀರೆಗಳನ್ನು ಮಡಿಸಿಟ್ಟಳು. ಮೋನಿಕಾ ಫೋನ್ ಮಾಡಿ, "ಮಿಸ್, ಸೋಮವಾರಕ್ಕೆ ಗ್ಯಾರಂಟಿ ತಾನೆ? ಆ ರೂಮಿಗೆ ಸುಣ್ಣ ಹೊಡೆಸ್ತೀನಿ" ಎಂದಳು. "ಗ್ಯಾರಂಟಿ" ಎಂದಳು ಇವಳು. ಕತ್ತಲಾಗುವ ಮೊದಲೇ ಚನ್ನಬಸವಯ್ಯ ಬರಿಗೈಯಲ್ಲಿ ಬಂದ. ಕಾಲು ತೊಳೆದು ಜಗಲಿಯಲ್ಲಿ ಕೂತ. ಒಳಗೆ ತೆರೆದಿಟ್ಟಿದ್ದ ಸೂಟ್‌ಕೇಸು ಅವನಿಗೆ ಕಂಡಿರಲೇಬೇಕು. ಅವಳು ಲೋಟ ಕುಟ್ಟಿದಳು. ಅವನು ಬಂದು ಮುದ್ದೆ ಉಂಡ. ಕೈ ತೊಳೆದ ನೀರು ಚರಂಡಿಯಲ್ಲಿ ಹರಿದು ಹೋಗುವ ಸದ್ದು ತುಂಬ ಹೊತ್ತು ಕೇಳಿತು.

ಭಾನುವಾರ ಬೆಳಗಾಗುವ ಹೊತ್ತಿಗೆ ಉಮಾಮಹೇಶ್ವರಿ ಎಂದಿನಂತೆ ಎದ್ದು, ಮುಖಕ್ಕೆ ನೀರು ಹಾಕಿಕೊಂಡು, ತಂಬಿಗೆ ಎತ್ತಿಕೊಂಡು ಕೊಟ್ಟಿಗೆಗೆ ಹೋದಳು. ಹೊಸ್ತಿಲು ದಾಟಿದ ಮೇಲೆ ನೆನಪಾಯಿತು. ವಾಪಸಾಗಬೇಕು ಅನ್ನುವಷ್ಟರಲ್ಲಿ ಹಿತ್ತಲ ಕಡೆಯಿಂದ ಚನ್ನಬಸವಯ್ಯ ರಾಗಿ ಹುಲ್ಲಿನ ಕಂತೆ ತಬ್ಬಿಕೊಂಡು ಬಂದ. ಅವನಿಗೂ ಆಗಲೇ ನೆನಪಾದದ್ದು. ಒಬ್ಬಳ ಕೈಯಲ್ಲಿ ತಂಬಿಗೆ, ಒಬ್ಬನ ತೋಳಲ್ಲಿ ಹುಲ್ಲು. ಇಬ್ಬರೂ ಖಾಲಿ ಗೂಟವನ್ನು ನೋಡಿಕೊಂಡು ನಿಂತರು.

"ನಾಳೆ ಕೌನ್ಸೆಲಿಂಗು" ಎಂದಳು ಅವಳು, ಗೂಟದ ಕಡೆಗೆ.

ಎಮ್ಮೆಯಿಲ್ಲದ ಜಾಗದಲ್ಲಿ ಮಾತು ಎಲ್ಲೂ ನಿಲ್ಲದೆ ಬಿದ್ದುಹೋಯಿತು. ಅವಳು ತಂಬಿಗೆಯನ್ನು ಕೆಳಗಿಟ್ಟಳು. ತಿರುಗಿದಳು. ಅಣ್ಣನ ಮುಖವನ್ನು ಇಷ್ಟು ಹತ್ತಿರದಿಂದ, ನೇರವಾಗಿ ನೋಡಿ ಎಷ್ಟೋ ಕಾಲವಾಗಿತ್ತು. ಎಡಗಣ್ಣಿನ ಕೆಳಗೊಂದು ಮಚ್ಚೆ ಎದ್ದಿತ್ತು. ಅದು ಯಾವಾಗ ಬಂತೋ ಅವಳಿಗೆ ಗೊತ್ತಿರಲಿಲ್ಲ.

"ಹೋಗ್ಲಾ, ಇರ್ಲಾ?"

ಚನ್ನಬಸವಯ್ಯ ಅಭ್ಯಾಸ ಬಲದಿಂದ ಗೂಟದ ಕಡೆ ನೋಡಿದ. ಆಮೇಲೆ ಅವಳ ಹಿಂದಿನ ಗೋಡೆಯನ್ನು ನೋಡಿದ. ಹುಲ್ಲಿನ ಕಂತೆಯಿಂದ ಒಂದೆರಡು ಎಳೆ ಕೆಳಗೆ ಬಿದ್ದವು.

"ಯಾರ್ಗ್ ಹೇಳ್ತಿರಾದು?" ಎಂದ.

"ನಿಂಗೆ" ಎಂದಳು ಅವಳು. "ನಿಂಗೇ ಕಣೋ ಅಣ್ಣ."

"ನಂಗಾ?"

ಅವನು ಹುಲ್ಲನ್ನು ಗೋಡೆಗೆ ಒರಗಿಸಿ ಇಟ್ಟ. ಗಂಟಲು ಸರಿಮಾಡಿಕೊಂಡ. ಮತ್ತೊಮ್ಮೆ ಸರಿಮಾಡಿಕೊಂಡ. ಡೈರಿಯವನ ಹತ್ತಿರ ಗಟ್ಟಿಯಾಗಿ ಬರುತ್ತಿದ್ದ ದನಿ ಇಲ್ಲಿ ಸರಿಯಾಗಿ ಹೊರಡಲಿಲ್ಲ.

"ಹೋಗು ಅಂದ್ರೆ ಓಡುಸ್ದ ಅಂತೀಯ. ಇರು ಅಂದ್ರೆ ಕಟ್ಟಾಕ್ದ ಅಂತೀಯ. ಅದ್ಕೇ ಸುಮ್ಕಿದ್ದೆ."

"ಎಮ್ಮೆ ಯಾಕ್ ಮಾರ್ದೆ?"

"ಇನ್ನೇನ್ ಮಾಡ್ಲಿ? ನನ್ ಕೈಗೆ ಹಾಲು ಕೊಡ್ತಿತ್ತಾ ಅದು?" ಎಂದ. ಬಿದ್ದ ಹುಲ್ಲೆಳೆಗಳನ್ನು ಕಾಲಿನಿಂದ ಒಂದುಗೂಡಿಸುತ್ತ, "ನೀನಿದ್ದಾಗ ಅದ್ಕೆ ಹೇಳುದ್ರೆ ನಿಂಗೆ ಕೇಳ್ತಿತ್ತು. ನೀನ್ ಹೋದ್ಮೇಲೂ ಎಮ್ಮೆ ಹತ್ರ ಮಾತಾಡ್ಕೊಂಡಿದ್ರೆ ಜನ ಹುಚ್ಚ ಅನ್ನಲ್ವಾ? ಆ ಪುಟ್ಟರಂಗನೇ ಸಾಕು" ಎಂದ.

ಉಮಾಮಹೇಶ್ವರಿಗೆ ನಗು ಬಂತು. ಅರ್ಧಕ್ಕೇ ನಿಂತೂ ಹೋಯಿತು. ಅತ್ತಿಗೆ ಇದ್ದಿದ್ದರೆ ಏನನ್ನುತ್ತಿದ್ದಳೋ ಎಂದು ಇಬ್ಬರೂ ಒಂದೇ ಸಲ ಯೋಚಿಸಿದಂತೆ ಒಳಮನೆಯ ಬಾಗಿಲ ಕಡೆ ನೋಡಿದರು.

"ತಗೋ ಹೋಗು ಆ ಇಸ್ಕೂಲ" ಎಂದ ಚನ್ನಬಸವಯ್ಯ. "ನೀರಾವರಿ ಕಡೆ. ಜನ ಒಳ್ಳೇರು. ಇಲ್ಲೇನದೆ?"

ಇರು ಅನ್ನುತ್ತಾನೇನೋ ಎಂದು ತಾನು ಕಾಯುತ್ತಿದ್ದುದು ಅವಳಿಗೆ ಆಗಲೇ ಗೊತ್ತಾದದ್ದು. ಆದರೂ ಹೋಗು ಎಂಬ ಆ ಮಾತು ನೆಟ್ಟಗೆ ಅವಳ ಹತ್ತಿರಕ್ಕೇ ಬಂದಿತ್ತು, ನಡುವೆ ಯಾರ ಮೈಗೂ ತಗುಲದೆ.

"ಊಟಕ್ಕೇನ್ ಮಾಡ್ತೀಯ?"

"ಬೇಯಿಸ್ಕೊಂಡ್ರಾಯ್ತು. ಸಾರು ಬಿಸಿ ಮಾಡಕ್ ಬತ್ತದಲ್ಲ." ಅವನು ಪಂಚೆಯ ಮಡಿಕೆಯಿಂದ ತನ್ನ ಗುಂಡಿ ಫೋನು ತೆಗೆದು ಅವಳ ಕಡೆ ಚಾಚಿದ. "ನಿನ್ ನಂಬರ್ ಹಾಕ್ಕೊಡು."

ಒಂದೇ ಸೂರಿನಡಿ ಮಾತಿಲ್ಲದೆ ಇದ್ದವರಿಗೆ ಅದು ಬೇಕಾಗಿರಲಿಲ್ಲ. ಅವಳು ಫೋನು ತೆಗೆದುಕೊಂಡಳು. ಹೆಸರುಗಳು ಹೆಚ್ಚಿರಲಿಲ್ಲ. ಡೈರಿ, ಕಾಯಿ ಕೆಡವುವವನು, ಪುಟ್ಟರಂಗಯ್ಯ, ಮಠದ ಸ್ವಾಮಿಗಳ ಕಡೆಯವರು. ಎಲ್ಲದಕ್ಕಿಂತ ಮೇಲೆ ಕರಿಬಸಮ್ಮ. ಅವಳ ಹೆಬ್ಬೆರಳು ಅಲ್ಲಿ ನಿಂತಿತು.

"ಅದನ್ನ ಹಂಗೇ ಬುಡು" ಎಂದ ಅವನು.

"ಬಿಟ್ಟೆ." ತನ್ನ ನಂಬರನ್ನು ಒತ್ತಿದಳು. ಫೋನು ಹೆಸರು ಕೇಳಿತು. ತಂಗಿ ಎನ್ನುವುದೋ, ಮೇಡಂ ಎನ್ನುವುದೋ ತಿಳಿಯಲಿಲ್ಲ. "ಏನಂತ ಹಾಕ್ಲಿ?"

"ಹೆಸ್ರಿಲ್ವಾ ನಿಂಗೆ?" ಎಂದ ಚನ್ನಬಸವಯ್ಯ ಸಿಡುಕಿನಿಂದ. ಆಮೇಲೆ ದನಿ ತಗ್ಗಿಸಿ, "ಉಮಾ ಅಂತ ಹಾಕು" ಎಂದ.

ಹಾಕಿದಳು. ಫೋನು ವಾಪಸು ಕೊಟ್ಟಳು. ಅವನು ಅದನ್ನು ದೂರ ಹಿಡಿದು, ಕಣ್ಣು ಕಿರಿದು ಮಾಡಿ, ಆ ಮೂರು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ನೋಡಿದ.

"ಹೊಡದ್ ನೋಡ್ಲಾ ಒಂದ್ಸಲ?"

"ನೋಡು."

ಅವನು ಗುಂಡಿ ಒತ್ತಿ ಫೋನನ್ನು ಕಿವಿಗೆ ಒತ್ತಿಕೊಂಡ. ಸ್ವಲ್ಪ ಹೊತ್ತಿಗೆ ಮನೆಯೊಳಗೆ, ಅಡುಗೆಕಟ್ಟೆಯ ಮೇಲಿಟ್ಟಿದ್ದ ಅವಳ ಫೋನು ಬಡಿದುಕೊಳ್ಳತೊಡಗಿತು. ಯಾರೂ ಇಲ್ಲದ ಒಳಮನೆಯಲ್ಲಿ ಆ ಸದ್ದು ಗೋಡೆಯಿಂದ ಗೋಡೆಗೆ ಓಡಾಡಿತು. ಅವಳು ಹೋಗಿ ಎತ್ತಲಿಲ್ಲ. ಅವನು ಕಿವಿಯಿಂದ ತೆಗೆಯಲಿಲ್ಲ. ಇಬ್ಬರೂ ಖಾಲಿ ಕೊಟ್ಟಿಗೆಯಲ್ಲಿ ನಿಂತು, ಅದು ತಾನಾಗಿ ನಿಲ್ಲುವ ತನಕ ಕೇಳಿಸಿಕೊಂಡರು.

"ಫೋನು ಹೋಯ್ತದೆ" ಎಂದ ಚನ್ನಬಸವಯ್ಯ.